ಜರ್ಮನ್ ‘ಗಿಫ್ಟ್’ ವಿಷ ಆದದ್ದು ಹೇಗೆ?

ಜರ್ಮನ್ ಕಲಿಯಲು ಬರುವವರು ಬೇಗನೇ ಬೆಚ್ಚಿಬೀಳುವ ಪದ ಒಂದಿದೆ: ಗಿಫ್ಟ್. ಬರೆಯುವುದು, ಉಚ್ಚರಿಸುವುದು ಎಲ್ಲ ಇಂಗ್ಲಿಷಿನ ಹಾಗೇ. ಅರ್ಥ ಮಾತ್ರ ವಿಷ. ಇಲಿ ಪಾಷಾಣ ಅಲ್ಲಿ ‘ರಾಟೆನ್‌ಗಿಫ್ಟ್’, ವಿಷದ ಅಣಬೆ ‘ಗಿಫ್ಟ್‌ಪಿಲ್ಟ್ಸ್’.

ಇದು ಮೋಸ ಮಾಡುವ ಪದ, ಸುಮ್ನೆ ಬಾಯಿಪಾಠ ಮಾಡಿ ಅಂತ ಕಲಿಸುವವರಿದ್ದಾರೆ. ನಾನು ಹಾಗೆ ಕಲಿಸುವುದಿಲ್ಲ. ಯಾಕೆಂದರೆ ಎರಡೂ ಹುಟ್ಟಿನಿಂದ ಒಂದೇ ಪದ. ಮೂಲದಲ್ಲಿರುವುದು ‘ಕೊಡು’ ಎಂಬ ಕ್ರಿಯೆ: ಇಂಗ್ಲಿಷಿನ ‘ಗಿವ್’, ಜರ್ಮನ್ನಿನ ‘ಗೇಬೆನ್’. ಗಿಫ್ಟ್ ಅಂದರೆ ಕೊಟ್ಟದ್ದು. ಹಳೆಯ ಜರ್ಮನ್ನಿನಲ್ಲೂ ಈ ಅರ್ಥ ಇತ್ತು.

ಮತ್ತೆ ವಿಷ ಎಲ್ಲಿಂದ ಬಂತು? ಗ್ರೀಕಿನ ‘ದೋಸಿಸ್’ ಕೂಡ ‘ಕೊಡುವುದು’ ಎಂಬ ಪದವೇ. ವೈದ್ಯರ ಬಾಯಲ್ಲಿ ಅದು ಒಂದು ಸಲಕ್ಕೆ ಕೊಡುವ ಔಷಧಿಯಾಯಿತು. ನಾವು ಡೋಸ್ ಅನ್ನುವುದು ಅದನ್ನೇ. ಈ ಪದ ಲ್ಯಾಟಿನ್ನಿಗೆ ಹೋಗಿ, ಅದರ ನೆರಳು ಜರ್ಮನ್ ಪದದ ಮೇಲೂ ಬಿತ್ತು. ವಿಷವನ್ನು ವಿಷ ಅನ್ನದೆ ‘ಕೊಟ್ಟದ್ದು’ ಅಂದರೆ ಸಾಕಾಯಿತು. ನಮ್ಮಲ್ಲೂ ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಅಂದರೆ ಜ್ವರದ ಔಷಧಿ ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ?

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಸ್ವೀಡಿಷ್. ಅಲ್ಲಿ ಇದನ್ನು ‘ಯಿಫ್ಟ್’ ಅನ್ನುತ್ತಾರೆ. ವಿಷ ಎಂಬ ಅರ್ಥವೂ ಉಂಟು, ‘ಮದುವೆಯಾದ’ ಎಂಬ ಅರ್ಥವೂ ಉಂಟು. ಡ್ಯಾನಿಶ್, ನಾರ್ವೇಜಿಯನ್ ಭಾಷೆಗಳಲ್ಲೂ ಎರಡೂ ಇವೆ. ಇದರ ಮೇಲೆ ಅಲ್ಲಿಯವರೇ ತಮಾಷೆ ಮಾಡುತ್ತಾರೆ. ಆದರೆ ಕನ್ನಡಿಗರಿಗೆ ವಿವರಿಸುವುದು ಬಲು ಸುಲಭ. ‘ಮಗಳನ್ನು ಯಾವೂರಿಗೆ ಕೊಟ್ಟಿದ್ದೀರಿ?’ ಎಂದು ಕೇಳುವ ಜನ ನಾವು. ಅಲ್ಲೂ ಹೆಣ್ಣನ್ನು ಕೊಡುತ್ತಿದ್ದರು, ಹಾಗೆ ಕೊಟ್ಟ ಹೆಣ್ಣು ಮದುವೆಯಾದವಳು. ಆಮೇಲೆ ಗಂಡಸರಿಗೂ ಅದೇ ಮಾತು ಬಂತು.

ಹಳೆಯ ಇಂಗ್ಲಿಷಿನಲ್ಲೂ ಈ ಪದ ಮದುವೆಗೇ ಅಂಟಿಕೊಂಡಿತ್ತು. ಆಗ ಅದು ವಧುವಿಗಾಗಿ ಕೊಡುವ ತೆರ. ಬಹುವಚನದಲ್ಲಿ ಹೇಳಿದರೆ ಮದುವೆ. ಶುರುವಿನ ಅಕ್ಷರವನ್ನು ಅವರೂ ‘ಯ’ ಎಂದೇ ಉಚ್ಚರಿಸುತ್ತಿದ್ದರು. ಇವತ್ತಿನ ‘ಗ’ಕಾರ, ಉಡುಗೊರೆ ಎಂಬ ಅರ್ಥ ಎರಡೂ ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ನುಡಿಯ ಪ್ರಭಾವ. ಡಚ್ಚರು ಗೊಂದಲವೇ ಬೇಡ ಎಂಬಂತೆ ಕೊಡುಗೆಯನ್ನು ‘ಗಿಫ್ಟ್’ ಎಂದು ಉಳಿಸಿಕೊಂಡು, ವಿಷವನ್ನು ಬರೀ ‘ಗಿಫ್’ ಮಾಡಿದರು.

ಜರ್ಮನ್ನಿನಲ್ಲಿ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಮಗಳ ಜೊತೆ ಕಳಿಸುವ ವರದಕ್ಷಿಣೆಗೆ ಇವತ್ತಿಗೂ ‘ಮಿಟ್‌ಗಿಫ್ಟ್’ ಎಂದೇ ಹೆಸರು. ‘ಮಿಟ್’ ಅಂದರೆ ಜೊತೆಗೆ. ವಿಷದ ‘ಗಿಫ್ಟ್’ ಈಗ ನಪುಂಸಕ ಲಿಂಗ. ‘ಮಿಟ್‌ಗಿಫ್ಟ್’ ಮಾತ್ರ ಮೂಲದ ಸ್ತ್ರೀಲಿಂಗವನ್ನೇ ಇಟ್ಟುಕೊಂಡಿದೆ.