ಚಪ್ಪಲಿ ಬಿಡುವ ಮುಂಚೆ ಅಂಗಾಲು ಪರೀಕ್ಷಿಸಿಕೊಳ್ಳಿ

"ಡಾಕ್ಟ್ರೇ, ಬರಿಗಾಲಲ್ಲಿ ನಡೆದರೆ ಒಳ್ಳೇದಂತೆ, ನಿಜಾನಾ?" ಪಾದದ ತೊಂದರೆಗಳನ್ನೇ ಹೆಚ್ಚಾಗಿ ನೋಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಕೊಡುವ ಮುಂಚೆ ನಾನೇ ಒಂದೆರಡು ಪ್ರಶ್ನೆ ಕೇಳುತ್ತೇನೆ. ಶುಗರ್ ಇದೆಯಾ? ಅಂಗಾಲು ಜೋಮು ಹಿಡಿಯುತ್ತಾ? ನೆಲ ಸುಡುತ್ತಿದ್ದರೆ ಕಾಲಿಗೆ ತಕ್ಷಣ ಗೊತ್ತಾಗುತ್ತಾ? ಅಂಗಾಲಿಗೆ ಸ್ಪರ್ಶ ತಿಳಿಯುವವರಿಗೆ ಒಂದು ಉತ್ತರ, ತಿಳಿಯದವರಿಗೆ ಇನ್ನೊಂದು.

ಮೊದಲು ಮಕ್ಕಳ ವಿಷಯ. ನಡೆಯಲು ಕಲಿಯುತ್ತಿರುವ ಮಗುವಿಗೆ ಮನೆಯೊಳಗೆ ಶೂ ಬೇಡವೇ ಬೇಡ. ಆ ವಯಸ್ಸಿನಲ್ಲಿ ಎಲ್ಲ ಮಕ್ಕಳ ಪಾದವೂ ಚಪ್ಪಟೆಯಾಗಿಯೇ ಕಾಣುತ್ತದೆ. ಅಂಗಾಲಿನ ಕಮಾನು ವರ್ಷಗಳು ಕಳೆದಂತೆ ನಿಧಾನವಾಗಿ ಮೂಡುತ್ತದೆ. ನಮ್ಮ ಮಣಿಪಾಲದ ಮೂಳೆ ವೈದ್ಯರಾದ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಈ ಬಗ್ಗೆ 1992ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇವತ್ತಿಗೂ ಬೇರೆ ದೇಶದ ವೈದ್ಯರು ಉಲ್ಲೇಖಿಸುತ್ತಾರೆ. 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು, ಹಾಕದವರಲ್ಲಿ ಶೇ 2.8ರಷ್ಟು ಮಂದಿಗೆ ಮಾತ್ರ. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಈ ತೊಂದರೆ ಜಾಸ್ತಿ, ತೆರೆದ ಚಪ್ಪಲಿ ಹಾಕುವವರಲ್ಲಿ ಕಡಿಮೆ. ಹಾಗಂತ ಚಪ್ಪಟೆ ಪಾದ ಕಂಡ ಕೂಡಲೇ ಹೆದರಬೇಕಿಲ್ಲ. ನೋವಿಲ್ಲದಿದ್ದರೆ ಹೆಚ್ಚಿನ ಮಕ್ಕಳಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಮನೆಯಲ್ಲಿ, ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಲು ಬಿಡಿ, ಸಾಕು.

ಜೀವನಪೂರ್ತಿ ಬರಿಗಾಲಲ್ಲೇ ನಡೆದವರ ಪಾದ ನೋಡಿದ್ದೀರಾ? ಅಂಕೋಲಾ ಕಡೆಯ ತುಳಸಿ ಗೌಡ ಅವರು 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ಸ್ವೀಕರಿಸಿದ್ದು ನೆನಪಿರಬೇಕು. ಅಂಥ ಪಾದಗಳಲ್ಲಿ ಬೆರಳುಗಳು ಅಗಲವಾಗಿ ಹರಡಿಕೊಂಡಿರುತ್ತವೆ, ಚರ್ಮ ದಪ್ಪಗಿರುತ್ತದೆ. ದಪ್ಪ ಚರ್ಮಕ್ಕೆ ಏನೂ ತಿಳಿಯುವುದಿಲ್ಲ ಅಂತ ನಾವು ಅಂದುಕೊಂಡಿದ್ದೆವು. 2019ರಲ್ಲಿ ಕೀನ್ಯಾ ಮತ್ತು ಅಮೆರಿಕದ ಜನರ ಪಾದ ಪರೀಕ್ಷಿಸಿದ ಸಂಶೋಧಕರಿಗೆ ಬೇರೆಯೇ ಕಂಡಿತು. ಬರಿಗಾಲಿನ ನಡಿಗೆಯಿಂದ ಚರ್ಮ ಎಷ್ಟು ದಪ್ಪವಾದರೂ ಸ್ಪರ್ಶ ಕುಂದಿರಲಿಲ್ಲ. ಅಂದರೆ ದಪ್ಪ ಚರ್ಮದಿಂದ ತೊಂದರೆಯಿಲ್ಲ. ನರವೇ ಸೋತಿದ್ದರೆ ಮಾತ್ರ ಭಯಪಡಬೇಕು.

ಶುಗರ್ ವರ್ಷಗಟ್ಟಲೆ ಹತೋಟಿಯಲ್ಲಿ ಇಲ್ಲದಿದ್ದರೆ ಮೊದಲು ಪೆಟ್ಟು ತಿನ್ನುವುದು ಉದ್ದದ ನರಗಳು. ಅದಕ್ಕೇ ತೊಂದರೆ ಕಾಲ್ಬೆರಳಿನ ತುದಿಯಿಂದ ಶುರುವಾಗಿ ಮೇಲಕ್ಕೆ ಬರುತ್ತದೆ. "ಹತ್ತಿ ಮೇಲೆ ನಡೆದಂಗಾಗುತ್ತೆ" ಅನ್ನುತ್ತಾರೆ ಕೆಲವರು. "ಚಪ್ಪಲಿ ಕಾಲಿಂದ ಜಾರಿ ಹೋಗಿದ್ದೇ ಗೊತ್ತಾಗಲಿಲ್ಲ" ಅಂತ ಯಾರಾದರೂ ಅಂದರೆ ನಾನು ತಕ್ಷಣ ಅವರ ಪಾದ ನೋಡುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರ ಅಂಗಾಲಿಗೆ ಬೆಳಗ್ಗೆ ಚುಚ್ಚಿದ ಮೊಳೆ ಸಂಜೆವರೆಗೂ ಅಲ್ಲೇ ಇತ್ತು. ನೆಲದ ಮೇಲೆ ರಕ್ತದ ಗುರುತು ಕಂಡಿದ್ದು ಸೊಸೆಗೆ. ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ, ಮನೆಗೆ ಬಂದ ಮೇಲೆ ಬೊಬ್ಬೆ ನೋಡಿಕೊಂಡು ಬರುವವರೂ ಇದ್ದಾರೆ.

ನೋವು ಎಂಥ ಕಾವಲುಗಾರ ಅನ್ನುವುದನ್ನು ವೈದ್ಯಲೋಕಕ್ಕೆ ಚೆನ್ನಾಗಿ ಮನವರಿಕೆ ಮಾಡಿದವರು 1946ರಲ್ಲಿ ವೆಲ್ಲೂರಿಗೆ ಬಂದ ಸರ್ಜನ್ ಪಾಲ್ ಬ್ರ್ಯಾಂಡ್. ಕುಷ್ಠ ಬಂದವರ ಕೈಕಾಲು ತಾನಾಗಿಯೇ ಕೊಳೆಯುತ್ತದೆ ಅಂತ ಜನ ನಂಬಿದ್ದ ಕಾಲ ಅದು. ನೋವು ಗೊತ್ತಾಗದೆ ಗಾಯದ ಮೇಲೆ ಗಾಯ ಆಗುವುದೇ ಕಾರಣ ಅಂತ ಅವರು ತೋರಿಸಿಕೊಟ್ಟರು. ಅಂಥ ಪಾದಗಳಿಗೆ ಕೊಡುತ್ತಿದ್ದ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯನ್ನೇ ಇವತ್ತು ಶುಗರ್ ಇರುವವರಿಗೂ ಬರೆದುಕೊಡುತ್ತೇವೆ. ತೆಗೆದುಕೊಳ್ಳುವಾಗ ಹಿಂದೆ ಪಟ್ಟಿ ಇರುವುದನ್ನೇ ಆರಿಸಿ.

ಸ್ಪರ್ಶ ಇದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಪರೀಕ್ಷೆ ಇದು. ಕಣ್ಣು ಮುಚ್ಚಿ ಮಲಗಿ. ಮನೆಯವರು ತೋರುಬೆರಳಿನಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಮೆಲ್ಲಗೆ ಮುಟ್ಟಲಿ. ಒತ್ತಬಾರದು, ಸವರಬಾರದು. ಮುಟ್ಟಿದ್ದು ಗೊತ್ತಾದಾಗ ಎಡ, ಬಲ ಅಂತ ಹೇಳಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಆ ಪಾದ ಅಪಾಯದಲ್ಲಿದೆ. ಆಮೇಲೆ ಬರಿಗಾಲು ಬೇಡ, ಮನೆಯೊಳಗೂ ಬೇಡ.

ಮನೆಯೊಳಗೆ ಚಪ್ಪಲಿಯಾ ಅಂತ ಹಿರಿಯರು ಮುಖ ಸಿಂಡರಿಸುತ್ತಾರೆ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಹೊರಗೆ ಕಾಲಿಡದ ಇನ್ನೊಂದು ಜೊತೆ ಇಟ್ಟುಕೊಳ್ಳಿ, ಆಗಾಗ ತೊಳೆಯಿರಿ. ದೇವರ ಕೋಣೆಯಲ್ಲಿ ಕೂತು ಪೂಜೆ ಮಾಡುವಷ್ಟು ಹೊತ್ತು ಬಿಟ್ಟರೆ ಸಾಕು. ದೇವಸ್ಥಾನಕ್ಕೆ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಕಾಲುಚೀಲ ಹಾಕಬಹುದಾ ಅಂತ ಕೇಳಿ ನೋಡಿ. ಬಿಸಿ ಸ್ವಲ್ಪ ತಡೆಯುತ್ತದೆ, ಆದರೆ ಮೊಳೆ, ಗಾಜು ತಡೆಯುವುದಿಲ್ಲ.

ನವೆಂಬರ್ ಬಂದರೆ ಅಯ್ಯಪ್ಪ ಮಾಲೆ ಹಾಕಿದವರು ಬರುತ್ತಾರೆ. 41 ದಿನ ಬರಿಗಾಲು, ಆಮೇಲೆ ಬೆಟ್ಟ ಹತ್ತುವುದು. ಸ್ಪರ್ಶ ಚೆನ್ನಾಗಿದ್ದವರಿಗೆ ದಿನಾ ರಾತ್ರಿ ಪಾದ ತೊಳೆದು ನೋಡಿಕೊಳ್ಳಿ ಅಂತಷ್ಟೇ ಹೇಳುತ್ತೇನೆ. ಸ್ಪರ್ಶ ಇಲ್ಲದವರಿಗೆ, "ಸ್ವಾಮಿ, ಮಾಲೆ ಇರಲಿ, ಕಾಲಿಗೂ ಏನಾದರೂ ಇರಲಿ" ಅನ್ನುತ್ತೇನೆ. ಬೇಕಾದರೆ ಗುರುಸ್ವಾಮಿಯವರಿಗೇ ಫೋನ್ ಮಾಡಿ ಮಾತಾಡುತ್ತೇನೆ. ವಿವರವಾಗಿ ಹೇಳಿದರೆ ಒಪ್ಪುತ್ತಾರೆ.

ಶುಗರ್ ಇಲ್ಲದವರಿಗೂ ಒಂದೆರಡು ಮಾತು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚುತ್ತಿದ್ದರೆ, ಟೈಲ್ಸ್ ಮೇಲೆ ಗಂಟೆಗಟ್ಟಲೆ ನಿಂತು ಅಡುಗೆ ಮಾಡುವವರು ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ. ಹೊಲ, ಗದ್ದೆ, ತೋಟದಲ್ಲಿ ಬರಿಗಾಲು ಯಾರಿಗೂ ಕ್ಷೇಮವಲ್ಲ. ಕೊಳಕುಮಂಡಲ ಹೆಚ್ಚಾಗಿ ಕಚ್ಚುವುದು ಪಾದಕ್ಕೆ, ಮೀನಖಂಡಕ್ಕೆ. ಕೊಕ್ಕೆಹುಳುವಿನ ಮರಿ ಒದ್ದೆ ಮಣ್ಣಿನಿಂದ ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಮಳೆಗಾಲದ ಕೆಸರಿನಲ್ಲಿ ಇಲಿಜ್ವರದ ಸೋಂಕು ಕಾಲಿನ ಬಿರುಕು, ಗಾಯಗಳಿಂದ ಒಳಗೆ ಬರುತ್ತದೆ. ಗಂಬೂಟು ದಪ್ಪ, ಸೆಕೆ, ನಿಜ. ಆದರೂ ಹಾಕಿ.

ಏನಾದರೂ ಚುಚ್ಚಿದರೆ ಸಾಬೂನು ಹಾಕಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಟಿಟಿ ಇಂಜೆಕ್ಷನ್ ಬೇಕಾ ಅಂತ ಕೇಳಿ. ಶುಗರ್ ಇರುವವರು ಆಣಿ, ಬೊಬ್ಬೆ, ಬಣ್ಣ ಬದಲಾದ ಬೆರಳು ಕಂಡರೆ ಬ್ಲೇಡಿನಿಂದ ಕೆರೆಯುವುದು, ಆಣಿಪಟ್ಟಿ ಹಚ್ಚುವುದು ಮಾಡದೆ ಅವತ್ತೇ ಆಸ್ಪತ್ರೆಗೆ ಬನ್ನಿ. ನೋಯುತ್ತಿಲ್ಲವಲ್ಲ, ನಾಳೆ ನೋಡೋಣ ಅಂತ ಮಾತ್ರ ಕಾಯಬೇಡಿ.