ಮುಕ್ತ ಸಂಶೋಧನೆ, ಭದ್ರತೆ ಮತ್ತು ಒಪ್ಪಂದದ ಒಂದು ಸಾಲು

"ಸಾಧ್ಯವಾದಷ್ಟು ಮುಕ್ತ, ಅಗತ್ಯವಿದ್ದಷ್ಟು ಗೋಪ್ಯ." ಐರೋಪ್ಯ ಒಕ್ಕೂಟದ ಸಂಶೋಧನಾ ದಾಖಲೆಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಒಂದು ಪ್ರಕರಣ ಕೊಟ್ಟು "ಇದನ್ನು ಹೊರದೇಶದವರ ಜೊತೆ ಹಂಚಿಕೊಳ್ಳಲು ರಫ್ತು ಲೈಸೆನ್ಸ್ ಬೇಕಾ, ಬೇಡವಾ" ಎಂದು ಕೇಳಿದರೆ ಈ ಮಾತಿನಿಂದ ಉತ್ತರ ಹೊರಡುವುದಿಲ್ಲ. ಉತ್ತರ ಇರುವುದು ರಫ್ತು ನಿಯಮಗಳ ಒಳಗಿನ ಸಣ್ಣ ವ್ಯತ್ಯಾಸಗಳಲ್ಲಿ. ಈ ಟಿಪ್ಪಣಿ ಅವುಗಳ ಬಗ್ಗೆ. ಸಹಕಾರದಿಂದ ಏನು ಲಾಭ, ಸೋರಿಕೆಯಿಂದ ಏನು ನಷ್ಟ ಅನ್ನೋದು ಎಲ್ಲರಿಗೂ ಗೊತ್ತಿರುವುದೇ, ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ಹಿನ್ನೆಲೆ, ಚುಟುಕಾಗಿ

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಒಂದು ಗಾಬರಿ ಎದ್ದಿತ್ತು. ತಮ್ಮ ಪ್ರಯೋಗಾಲಯಗಳಿಂದ ಸೋವಿಯತ್ ಒಕ್ಕೂಟಕ್ಕೆ ತಂತ್ರಜ್ಞಾನ ಸೋರುತ್ತಿದೆ ಎಂದು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಡೇಲ್ ಕಾರ್ಸನ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1982ರ ವರದಿಯಲ್ಲಿ ಆ ಸಮಿತಿ ಹೇಳಿದ್ದು ಇಷ್ಟು: ಸೋರಿಕೆ ಇರುವುದು ನಿಜ, ಆದರೆ ಅದರಲ್ಲಿ ವಿಶ್ವವಿದ್ಯಾಲಯಗಳ ಪಾಲು ಕಡಿಮೆ. ಎಲ್ಲವನ್ನೂ ಬಚ್ಚಿಡುವುದಕ್ಕಿಂತ ಸಂಶೋಧನೆಯಲ್ಲಿ ಮುಂದೆ ಓಡುವುದೇ ಒಳ್ಳೆಯ ರಕ್ಷಣೆ.

1985ರ ಸೆಪ್ಟೆಂಬರಿನಲ್ಲಿ ರೇಗನ್ ಸರ್ಕಾರ ಎನ್‌ಎಸ್‌ಡಿಡಿ-189 ಎಂಬ ನಿರ್ದೇಶನ ಹೊರಡಿಸಿತು. ಫಂಡಮೆಂಟಲ್ ರಿಸರ್ಚ್‌ನ (ಮೂಲ ಸಂಶೋಧನೆಯ) ಫಲಿತಾಂಶಕ್ಕೆ ಆದಷ್ಟೂ ನಿರ್ಬಂಧ ಇರಬಾರದು ಎಂಬುದು ಅದರ ಸಾರ. ರಾಷ್ಟ್ರದ ಭದ್ರತೆಗೆ ನಿಯಂತ್ರಣ ಬೇಕೇ ಬೇಕು ಎಂದಾದರೆ ಅದನ್ನು ರಹಸ್ಯ ಎಂದು ವರ್ಗೀಕರಿಸಿ. ಇಲ್ಲಿ ಫಂಡಮೆಂಟಲ್ ಎಂದರೆ ಬರೀ ಸಿದ್ಧಾಂತ ಅಲ್ಲ. ಅನ್ವಯಿಕ ಸಂಶೋಧನೆಯೂ ಇದರೊಳಗೇ ಬರುತ್ತದೆ. ಸಾಮಾನ್ಯವಾಗಿ ಪ್ರಕಟಿಸಿ ಎಲ್ಲರ ಜೊತೆ ಹಂಚಿಕೊಳ್ಳುವಂಥದ್ದಾಗಿರಬೇಕು, ಅಷ್ಟೇ. ಕಾಗದದ ಮೇಲೆ ಇಷ್ಟು ಸರಳ.

ತೊಡಕು ಇರುವುದು ಇಲ್ಲಿ: ಫಲಿತಾಂಶ ಬೇರೆ, ಒಳಸುರಿ ಬೇರೆ

ಈ ಭಾಗ ಉದ್ದ ಆಗುತ್ತದೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಅಮೆರಿಕದ ರಫ್ತು ನಿಯಮಾವಳಿ ಇಎಆರ್. ಅದರ ಪ್ರಕಾರ ಫಂಡಮೆಂಟಲ್ ರಿಸರ್ಚ್‌ನಿಂದ ಹುಟ್ಟುವ, ಪ್ರಕಟಿಸಲೆಂದೇ ಇರುವ ತಂತ್ರಜ್ಞಾನ ಈ ನಿಯಮಗಳ ವ್ಯಾಪ್ತಿಗೇ ಬರುವುದಿಲ್ಲ. ಇದನ್ನು ಓದಿದ ತಕ್ಷಣ "ಸರಿ, ನಮ್ಮ ಪ್ರಾಜೆಕ್ಟ್ ಮುಕ್ತ, ಹಾಗಾಗಿ ಪ್ರಾಜೆಕ್ಟ್‌ನಲ್ಲಿ ಇರೋದೆಲ್ಲ ಮುಕ್ತ" ಅನಿಸುತ್ತದೆ. ಹಾಗಲ್ಲ. ವಿನಾಯಿತಿ ಸಿಗುವುದು ಹೊರಬರುವ ಫಲಿತಾಂಶಕ್ಕೆ. ಸಂಶೋಧನೆ ಮಾಡಲು ಒಳಗೆ ತಂದ ಮಾಹಿತಿ, ಉಪಕರಣ, ಸಾಫ್ಟ್‌ವೇರ್‌ಗೆ ಅದು ಸಿಗುವುದಿಲ್ಲ. ಆ ಒಳಸುರಿ ಹಿಂದಿನ ಯಾವುದೋ ಮುಕ್ತ ಸಂಶೋಧನೆಯಿಂದಲೇ ಬಂದಿದ್ದರೆ ಮಾತು ಬೇರೆ.

ಒಂದು ಪ್ರಯೋಗಾಲಯ ಅಂದುಕೊಳ್ಳಿ. ಅವರು ಸೆನ್ಸರ್ ಮೇಲೆ ಕೆಲಸ ಮಾಡುತ್ತಾರೆ. ಒಂದು ಕಂಪನಿ ತನ್ನ ಚಿಪ್‌ನ ವಿನ್ಯಾಸದ ಕಡತವನ್ನು ಗೋಪ್ಯವಾಗಿಡಬೇಕು ಎಂಬ ಷರತ್ತಿನ ಮೇಲೆ ಅವರಿಗೆ ಕೊಟ್ಟಿದೆ. ಆ ಚಿಪ್ ಬಳಸಿ ಅಳತೆ ಮಾಡಿ, ವಿಶ್ಲೇಷಿಸಿ, ಪ್ರಬಂಧ ಬರೆಯುತ್ತಾರೆ. ಅಳತೆ, ವಿಶ್ಲೇಷಣೆ, ಪ್ರಬಂಧ ಮೂರೂ ಫಲಿತಾಂಶ. ಎಲ್ಲಿ ಬೇಕಾದರೂ ಕಳಿಸಬಹುದು. ವಿನ್ಯಾಸದ ಕಡತ ಒಳಸುರಿ. ಅದು ರಫ್ತು ನಿಯಂತ್ರಣದ ಪಟ್ಟಿಯಲ್ಲಿದ್ದರೆ, ಅದೇ ಕೊಠಡಿಯಲ್ಲಿ ಕೂತ ವಿದೇಶಿ ವಿದ್ಯಾರ್ಥಿಗೆ ತೆರೆದು ತೋರಿಸುವುದೂ ರಫ್ತೇ. ಗಡಿ ದಾಟಬೇಕಾಗಿಲ್ಲ. ಇಂಥದ್ದಕ್ಕೆ 'ಡೀಮ್ಡ್ ಎಕ್ಸ್‌ಪೋರ್ಟ್' ಎನ್ನುತ್ತಾರೆ. ಮಾಹಿತಿ ಆ ವ್ಯಕ್ತಿಯ ದೇಶಕ್ಕೆ ಹೋದಂತೆ ಎಂದೇ ಕಾನೂನು ಪರಿಗಣಿಸುತ್ತದೆ. ಅಮೆರಿಕದಲ್ಲಿ ಕಾಯಂ ನಿವಾಸದ ಹಕ್ಕು ಇರುವವರಿಗೆ ಇದು ಅನ್ವಯಿಸುವುದಿಲ್ಲ.

ಹಾಗಾದರೆ ಆ ವಿದ್ಯಾರ್ಥಿ ನಿಯಂತ್ರಿತ ಯಂತ್ರವನ್ನು ಮುಟ್ಟಲೇಬಾರದಾ? ಸಾಮಾನ್ಯವಾಗಿ ಮುಟ್ಟಬಹುದು. ಇಎಆರ್‌ನಲ್ಲಿ 'ಬಳಕೆಯ ತಂತ್ರಜ್ಞಾನ' ಎಂದರೆ ಚಲಾಯಿಸುವುದು, ಅಳವಡಿಸುವುದು, ನಿರ್ವಹಣೆ, ರಿಪೇರಿ, ಪೂರ್ತಿ ಬಿಚ್ಚಿ ಸರಿಪಡಿಸುವುದು, ಹೊಸದರಂತೆ ಮಾಡುವುದು, ಈ ಆರೂ ಒಟ್ಟಿಗೆ ಸೇರಿದ್ದು. ಸುಮ್ನೆ ಗುಂಡಿ ಒತ್ತಿ ಮಾದರಿ ಅಳೆಯುವುದರಿಂದ ಆರೂ ಬಯಲಾಗುವುದಿಲ್ಲ. ಮಿಲಿಟರಿಗೆ ಹತ್ತಿರದ ಕೆಲವು ವರ್ಗಗಳಲ್ಲಿ ಮಾತ್ರ ಆರರಲ್ಲಿ ಒಂದಿದ್ದರೂ ಸಾಕು. ಯಂತ್ರ ಯಾವ ಪಟ್ಟಿಯಲ್ಲಿದೆ ಎಂದು ಮೊದಲು ನೋಡಿ ಅನ್ನೋದು ಅದಕ್ಕೇ.

ಈಗ ನನಗೆ ಅತಿ ಇಷ್ಟವಾದ ಭಾಗ. ಈ ವಿನಾಯಿತಿಯನ್ನು ಕಳೆದುಕೊಳ್ಳುವುದು ತುಂಬಾ ಸುಲಭ. ಒಪ್ಪಂದದಲ್ಲಿ ಒಂದು ಸಾಲು ಸಾಕು: "ಪ್ರಕಟಣೆಗೆ ಮುನ್ನ ಪ್ರಾಯೋಜಕರ ಲಿಖಿತ ಒಪ್ಪಿಗೆ ಪಡೆಯಬೇಕು." ಸಂಶೋಧಕರು ಇದಕ್ಕೆ ಸಹಿ ಹಾಕಿದರೆ, ಪ್ರಕಟಿಸುವ ಸ್ವಾತಂತ್ರ್ಯ ಅವರ ಕೈಯಲ್ಲಿಲ್ಲ. ಸ್ವಾತಂತ್ರ್ಯ ಇಲ್ಲದಿದ್ದರೆ ಅದು ಫಂಡಮೆಂಟಲ್ ರಿಸರ್ಚ್ ಅಲ್ಲ. ಆಗ ಫಲಿತಾಂಶವೂ ನಿಯಮದ ವ್ಯಾಪ್ತಿಗೆ ಬರುತ್ತದೆ, ತಂಡದಲ್ಲಿ ಯಾರ್‍ಯಾರು ಯಾವ ದೇಶದವರು ಎಂಬ ಪ್ರಶ್ನೆ ಏಳುತ್ತದೆ. ಭದ್ರತೆಗೆಂದು ಯಾರೋ ಸೇರಿಸಿದ ಒಂದು ಸಾಲು ಇಡೀ ತಂಡದ ತಲೆಗೆ ಬರುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಮುಕ್ತವಾಗಿರುವುದೇ ಇಲ್ಲಿ ಕಾನೂನಿನ ಗುರಾಣಿ. ಮುಕ್ತತೆ ಮತ್ತು ಭದ್ರತೆಯನ್ನು ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗುವ ಚಿತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಒಪ್ಪಿಗೆ ಬೇರೆ, ಪರಿಶೀಲನೆ ಬೇರೆ. "ಪ್ರಕಟಿಸುವ ಮುನ್ನ ನಮಗೊಮ್ಮೆ ತೋರಿಸಿ, ನಾವು ಕೊಟ್ಟ ಗೋಪ್ಯ ಮಾಹಿತಿ ಅದರಲ್ಲಿ ಸೇರಿಕೊಂಡಿಲ್ಲ ಎಂದು ನೋಡುತ್ತೇವೆ" ಎಂದು ಪ್ರಾಯೋಜಕರು ಕೇಳಿದರೆ ತೊಂದರೆ ಇಲ್ಲ. ಪೇಟೆಂಟ್ ಅರ್ಜಿ ಹಾಕಲು ಸ್ವಲ್ಪ ದಿನ ತಡ ಮಾಡಿ ಎಂದರೂ ಸರಿ. ಬೇಡ ಎನ್ನುವ ಅಧಿಕಾರ ಯಾರ ಬಳಿ ಇದೆ ಅನ್ನೋದನ್ನು ನೋಡಿ. ಕಡತ ಓದುವಾಗ ನಾನು ಮೊದಲು ಹುಡುಕುವುದು ಈ ಸಾಲನ್ನೇ, ಬಜೆಟ್ ಆಮೇಲೆ.

ಇದು ಬರೀ ಪುಸ್ತಕದ ಮಾತಲ್ಲ. ಟೆನಸಿ ವಿಶ್ವವಿದ್ಯಾಲಯದ ಪ್ರೊಫೆಸರ್ ಜೆ. ರೀಸ್ ರಾತ್ ಡ್ರೋನ್ ರೆಕ್ಕೆಗಳಿಗೆ ಪ್ಲಾಸ್ಮಾ ತಂತ್ರ ಬಳಸುವ ಕೆಲಸ ಮಾಡುತ್ತಿದ್ದರು. ಹಣ ಅಮೆರಿಕದ ವಾಯುಪಡೆಯ ಒಪ್ಪಂದದ್ದು. ಚೀನಾ ಮತ್ತು ಇರಾನಿನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆ ಕೆಲಸದ ದತ್ತಾಂಶ ಸಿಕ್ಕಿತು. 2008ರಲ್ಲಿ ರಾತ್ ತಪ್ಪಿತಸ್ಥರೆಂದು ತೀರ್ಪಾಯಿತು, ಮರುವರ್ಷ 4 ವರ್ಷ ಜೈಲು ಶಿಕ್ಷೆ. ಇನ್ನೂ ಪರೀಕ್ಷೆಯ ಹಂತದ ಕೆಲಸ ಎಂಬ ವಾದ ನಿಲ್ಲಲಿಲ್ಲ. ಇಲ್ಲಿ ಅನ್ವಯಿಸಿದ್ದು ಶಸ್ತ್ರಾಸ್ತ್ರ ರಫ್ತಿನ ಕಾನೂನು, ಅದು ಇಎಆರ್‌ಗಿಂತ ಬಿಗಿ.

ಅದೇ ಕೆಲಸ, ಯುರೋಪಿನಲ್ಲಿ ಬೇರೆ ಪ್ರಶ್ನೆ

ಯುರೋಪಿನ ದ್ವಿಬಳಕೆ ನಿಯಮದಲ್ಲೂ (ನಾಗರಿಕರಿಗೂ ಸೈನ್ಯಕ್ಕೂ ಉಪಯೋಗವಾಗುವ ವಸ್ತುಗಳ ರಫ್ತು ನಿಯಮ) ಮೂಲ ವಿಜ್ಞಾನಕ್ಕೆ ವಿನಾಯಿತಿ ಇದೆ. ಆದರೆ ಒರೆಗಲ್ಲು ಬೇರೆ. ಅಮೆರಿಕ "ಪ್ರಕಟಿಸಲು ನೀವು ಸ್ವತಂತ್ರರಾ" ಎಂದು ಕೇಳುತ್ತದೆ. ಯುರೋಪ್ "ನಿಮ್ಮ ಮುಖ್ಯ ಗುರಿ ಹೊಸ ತಿಳಿವಾ, ಅಥವಾ ಒಂದು ನಿರ್ದಿಷ್ಟ ಉಪಯೋಗವಾ" ಎಂದು ಕೇಳುತ್ತದೆ. ಜಂಟಿ ಪ್ರಾಜೆಕ್ಟ್ ಒಂದೇ ಆದರೂ ಒಂದು ಕಡೆ ಪಾಸಾಗಿ ಇನ್ನೊಂದು ಕಡೆ ಸಿಕ್ಕಿಬೀಳಬಹುದು.

ರಾಟರ್‌ಡ್ಯಾಮ್‌ನ ವೈರಸ್ ತಜ್ಞ ರಾನ್ ಫೌಶಿಯೆ ಅವರ ಪ್ರಕರಣ ಇದಕ್ಕೆ ಸರಿಯಾದ ಉದಾಹರಣೆ. ಹಕ್ಕಿಜ್ವರದ ಎಚ್5ಎನ್1 ವೈರಸ್ ಫೆರೆಟ್ ಪ್ರಾಣಿಗಳ ನಡುವೆ ಗಾಳಿಯಲ್ಲಿ ಹರಡುವಂತೆ ಆಗುವುದನ್ನು ಅವರ ತಂಡ ತೋರಿಸಿತ್ತು. 2011ರ ಡಿಸೆಂಬರಿನಲ್ಲಿ ಅಮೆರಿಕದ ಜೈವಿಕ ಭದ್ರತಾ ಸಲಹಾ ಮಂಡಳಿ ವಿವರಗಳನ್ನು ತೆಗೆದು ಪ್ರಕಟಿಸಿ ಎಂದಿತು. 2012ರ ಮಾರ್ಚ್‌ನಲ್ಲಿ ಪರಿಷ್ಕೃತ ಪ್ರತಿಗೆ ಒಪ್ಪಿತು. ಅಷ್ಟರಲ್ಲಿ ನೆದರ್ಲೆಂಡ್ಸ್ ಸರ್ಕಾರ, ಹಸ್ತಪ್ರತಿಯನ್ನು ಪತ್ರಿಕೆಗೆ ಕಳಿಸುವುದೇ ರಫ್ತು, ಲೈಸೆನ್ಸ್ ತನ್ನಿ ಎಂದಿತು. ಫೌಶಿಯೆ ಪ್ರತಿಭಟಿಸುತ್ತಲೇ ಅರ್ಜಿ ಹಾಕಿದರು, ಲೈಸೆನ್ಸ್ ಸಿಕ್ಕಿತು, ಜೂನ್‌ನಲ್ಲಿ ಪ್ರಬಂಧ ಬಂತು. ಜಗಳ ಮಾತ್ರ ಮುಗಿಯಲಿಲ್ಲ. 2013ರಲ್ಲಿ ಹಾರ್ಲೆಮ್ ನ್ಯಾಯಾಲಯ ಸರ್ಕಾರದ ಪರ ನಿಂತಿತು. 2015ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಪ್ರಕ್ರಿಯೆಯ ಕಾರಣಕ್ಕೆ ರದ್ದಾಯಿತು, ಅಂದರೆ ಅಸಲಿ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಪತ್ರಿಕೆಯಲ್ಲಿ ಬಂದ ಮೇಲೆ ಎಲ್ಲರೂ ಓದಬಹುದಾದ್ದನ್ನು, ಬರುವ ಮೊದಲು ಸಂಪಾದಕರಿಗೆ ಕಳಿಸಲು ಲೈಸೆನ್ಸ್! ಇದು ನನಗಿನ್ನೂ ವಿಚಿತ್ರ ಅನಿಸುತ್ತದೆ.

ಯಾರ ಜೊತೆ?

ಇಲ್ಲಿಯವರೆಗೆ "ಏನು" ಎಂಬುದನ್ನು ನೋಡಿದೆವು. ಇತ್ತೀಚಿನ ನೀತಿಗಳು "ಯಾರು" ಎಂಬುದನ್ನೂ ಸೇರಿಸುತ್ತಿವೆ. ಕೆನಡಾ 2024ರ ಜನವರಿಯಲ್ಲಿ ಎರಡು ಪಟ್ಟಿ ಹೊರತಂದಿತು. ಒಂದು ಸೂಕ್ಷ್ಮ ತಂತ್ರಜ್ಞಾನಗಳದ್ದು, ಇನ್ನೊಂದು ಕಳವಳಕ್ಕೆ ಕಾರಣವಾದ ಸಂಸ್ಥೆಗಳದ್ದು. ಸಂಶೋಧನೆ ಮೊದಲ ಪಟ್ಟಿಯ ವಿಷಯವನ್ನು ಮುಂದಕ್ಕೊಯ್ಯುವಂಥದ್ದಾಗಿರಬೇಕು, ಜೊತೆಗೆ ತಂಡದಲ್ಲಿ ಯಾರಿಗಾದರೂ ಎರಡನೇ ಪಟ್ಟಿಯ ಸಂಸ್ಥೆಯೊಂದಿಗೆ ನಂಟಿರಬೇಕು. ಎರಡೂ ಕೂಡಿದರೆ ಮಾತ್ರ ಸರ್ಕಾರಿ ಅನುದಾನ ನಿಲ್ಲುತ್ತದೆ. ಒಂದೇ ಇದ್ದರೆ ಇಲ್ಲ. ಐರೋಪ್ಯ ಒಕ್ಕೂಟದ ಮಂಡಳಿಯ 2024ರ ಮೇ ತಿಂಗಳ ಶಿಫಾರಸು ಬೇರೆ ದಾರಿ ಹಿಡಿಯಿತು. ಅದು ಯಾವ ಒಂದು ದೇಶವನ್ನೂ ಗುರಿ ಮಾಡುವುದಿಲ್ಲ. ಅಪಾಯ ಎಲ್ಲಿಂದ ಬಂದರೂ ಅದೇ ಅಳತೆ.

ಮಂದಿಯನ್ನು ನೋಡಿ ಅನುಮಾನಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಚೀನಾದ ಬೇಹುಗಾರಿಕೆ ತಡೆಯಲೆಂದು ಅಮೆರಿಕದ ನ್ಯಾಯ ಇಲಾಖೆ ನಡೆಸಿದ 'ಚೀನಾ ಇನಿಷಿಯೇಟಿವ್' ಉದಾಹರಣೆ. 2018ರ ನವೆಂಬರಿನಲ್ಲಿ ಶುರುವಾಗಿ 2022ರ ಫೆಬ್ರವರಿಯಲ್ಲಿ ನಿಂತಿತು. ಪ್ರಾಧ್ಯಾಪಕರ ಮೇಲೆ ಬಿದ್ದ ಹಲವು ಕೇಸುಗಳಲ್ಲಿ ಬೇಹುಗಾರಿಕೆಯ ಆರೋಪವೇ ಇರಲಿಲ್ಲ. ವಿದೇಶಿ ಹುದ್ದೆ, ವಿದೇಶಿ ಹಣದ ವಿವರ ಕೊಡಲಿಲ್ಲ ಎಂಬುದಷ್ಟೇ ಇತ್ತು. ವಿವರ ಕೊಡಲೇಬೇಕು, ನಿಜ. ಆದರೆ ಫಾರ್ಮ್ ತುಂಬದ್ದಕ್ಕೂ ಗುಟ್ಟು ಮಾರಿದ್ದಕ್ಕೂ ಒಂದೇ ಹಣೆಪಟ್ಟಿ ಹಚ್ಚಿದ್ದು ನನ್ನ ಪ್ರಕಾರ ದೊಡ್ಡ ಎಡವಟ್ಟು.

ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್ ಬಗ್ಗೆ ಒಂದು ಮಾತು. ಮಿಲಿಟರಿ ಕೆಲಸ ಇಲ್ಲ, ಫಲಿತಾಂಶ ಪ್ರಕಟವಾಗಬೇಕು ಎಂದು ಅದರ ಸ್ಥಾಪನಾ ಒಪ್ಪಂದದಲ್ಲೇ ಇದೆ. ಆದರೂ 2024ರ ನವೆಂಬರ್ 30ಕ್ಕೆ ರಷ್ಯಾ ಜೊತೆಗಿನ ಸಹಕಾರ ಮುಗಿಯಿತು. ಕಾರಣ ಸೋರಿಕೆ ಅಲ್ಲ, ಉಕ್ರೇನ್ ಯುದ್ಧ. ಇದನ್ನು ರಫ್ತು ನಿಯಂತ್ರಣದ ಜೊತೆ ಕಲಸಬೇಡಿ.

ಒಂದು ಅಭ್ಯಾಸ ಪ್ರಶ್ನೆ

ಅಮೆರಿಕದ ಒಂದು ಪ್ರಯೋಗಾಲಯ. ಹೊರದೇಶದ ಸಹಭಾಗಿಯೊಬ್ಬರು ಮೇಲ್ ಮಾಡುತ್ತಾರೆ: "ಸಿಮ್ಯುಲೇಷನ್ ಕೋಡ್‌ನ ಹೊಸ ಆವೃತ್ತಿ ಕಳಿಸ್ತೀರಾ? ಪ್ರಬಂಧ ಮುಂದಿನ ತಿಂಗಳು ಹೇಗೂ ಬರುತ್ತಲ್ಲ." ಕೋಡ್ ಬಹುಪಾಲು ಲ್ಯಾಬ್‌ನಲ್ಲೇ ಬರೆದದ್ದು. ಒಳಗಿನ ಒಂದು ಮಾಡ್ಯೂಲ್ ಮಾತ್ರ ಕಂಪನಿಯದ್ದು, ಗೋಪ್ಯ ಷರತ್ತಿನ ಮೇಲೆ ಬಂದದ್ದು. ಏನು ಮಾಡಬೇಕು?

ಪೂರ್ತಿ ಫೋಲ್ಡರ್ ಜಿಪ್ ಮಾಡಿ ಕಳಿಸುವಂತಿಲ್ಲ. ಲ್ಯಾಬ್‌ನ ಭಾಗ ಫಲಿತಾಂಶ, ಮಾಡ್ಯೂಲ್ ಒಳಸುರಿ. ಮಾಡ್ಯೂಲ್ ತೆಗೆದು, ಆ ಜಾಗದಲ್ಲಿ ಯಾವ ಮೌಲ್ಯ ಒಳಗೆ ಹೋಗಬೇಕು, ಯಾವುದು ಹೊರಬರಬೇಕು ಎಂದಷ್ಟೇ ಬರೆದಿಡಿ. ಉಳಿದದ್ದನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಾರ್ವಜನಿಕ ರೆಪಾಸಿಟರಿಯಲ್ಲಿ ಹಾಕಿ. ಹೀಗೆ ಪ್ರಕಟವಾದದ್ದು ಇಎಆರ್ ವ್ಯಾಪ್ತಿಯಿಂದ ಹೊರಗೆ (ಗೂಢಲಿಪಿ ಕೋಡ್ ಇದ್ದರೆ ಅದಕ್ಕೆ ಪ್ರತ್ಯೇಕ ನಿಯಮ). ಆಮೇಲೆ ಮೇಲ್‌ನಲ್ಲಿ ಲಿಂಕ್ ಕಳಿಸಿ. ಸಹಭಾಗಿಗೆ ಆ ಮಾಡ್ಯೂಲ್ ಬೇಕೇ ಬೇಕು ಎಂದಾದರೆ ಅವರು ಕಂಪನಿಯನ್ನೇ ಕೇಳಬೇಕು, ಲೈಸೆನ್ಸ್ ಪ್ರಶ್ನೆಯೂ ಅಲ್ಲೇ ತೀರ್ಮಾನವಾಗಬೇಕು.