ಒಂದೇ ತಾಣದೊಳಗೆ ಹುಡುಕಾಟ: ಕೊಡಗಿನ ವಿಷಯ ಓದುವವರಿಗೆ ಟಿಪ್ಪಣಿ

ಬೇಕಾದ ಮಾಹಿತಿ ಯಾವ ಜಾಲತಾಣದಲ್ಲಿದೆ ಎಂಬುದು ಗೊತ್ತಿರುತ್ತದೆ, ಆದರೂ ಕೈಗೆ ಸಿಗುವುದಿಲ್ಲ. ಜಿಲ್ಲಾಡಳಿತದ ಸುತ್ತೋಲೆ ಇರಬಹುದು, ಕಾಫಿ ಮಂಡಳಿಯ ಕೈಪಿಡಿ ಇರಬಹುದು. ತಾಣದಲ್ಲೇ ಇರುವ ಹುಡುಕು ಪೆಟ್ಟಿಗೆಯಲ್ಲಿ ಪದ ಹಾಕಿದರೆ ‘ಫಲಿತಾಂಶ ಇಲ್ಲ’ ಎಂದು ಬರುತ್ತದೆ. ಅನೇಕ ತಾಣಗಳ ಪೆಟ್ಟಿಗೆ ಪುಟದ ಶೀರ್ಷಿಕೆಯನ್ನಷ್ಟೇ ನೋಡುತ್ತದೆ, ಪಿಡಿಎಫ್‌ನ ಒಳಗೆ ಏನಿದೆ ಎಂದು ನೋಡುವುದಿಲ್ಲ. ಗೂಗಲ್, ಬಿಂಗ್ ಮುಂತಾದ ಸರ್ಚ್ ಎಂಜಿನ್‌ಗಳು ಪುಟದ ಪಠ್ಯವನ್ನೂ ಸಾಧ್ಯವಾದಲ್ಲಿ ಪಿಡಿಎಫ್‌ನ ಪಠ್ಯವನ್ನೂ ಮೊದಲೇ ಓದಿ ತಮ್ಮ ಇಂಡೆಕ್ಸ್‌ನಲ್ಲಿ ಇಟ್ಟುಕೊಂಡಿರುತ್ತವೆ. ಆ ಇಂಡೆಕ್ಸ್‌ನಲ್ಲಿ ಈ ಒಂದು ತಾಣದ್ದನ್ನು ಮಾತ್ರ ತೋರಿಸು ಎಂದು ಕೇಳುವ ಕ್ರಮ ಇಲ್ಲಿದೆ. ಅದಕ್ಕೆ ಎಂಜಿನ್‌ಗೆ ಕೊಡುವ ಆದೇಶ ಬರೆಯಲು ಎರಡು ನಿಮಿಷದಲ್ಲಿ ಕಲಿಯಬಹುದು. ಸರಿಯಾದ ಪದ ಆರಿಸುವುದೇ ನಿಜವಾದ ಕೆಲಸ, ಹಾಗಾಗಿ ಈ ಟಿಪ್ಪಣಿಯ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಒಂದು ಸೂಚನೆ: ಆದೇಶಗಳನ್ನೂ ವಿಳಾಸಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ‘ಸೈಟ್’ ಎಂದರೆ ಎಸ್, ಐ, ಟಿ, ಇ. ‘ನಿಕ್’ ಎಂದರೆ ಎನ್, ಐ, ಸಿ. ‘ಗವ್’ ಎಂದರೆ ಜಿ, ಓ, ವಿ. ಕನ್ನಡ ಕೀಬೋರ್ಡ್‌ನಲ್ಲಿ ‘ಸೈಟ್’ ಎಂದು ಬರೆದರೆ ಎಂಜಿನ್ ಅದನ್ನು ಆದೇಶವೆಂದು ತಿಳಿಯುವುದಿಲ್ಲ, ಇನ್ನೊಂದು ಪದ ಎಂದುಕೊಳ್ಳುತ್ತದೆ. ಹುಡುಕುವ ಪದವನ್ನು ಮಾತ್ರ ಕನ್ನಡದಲ್ಲಿ ಕೊಡಬಹುದು.

ಆದೇಶದ ರೂಪ

ಭೂಕುಸಿತ ಸೈಟ್:ಕೊಡಗು.ನಿಕ್.ಇನ್

ಮೊದಲು ಹುಡುಕುವ ಪದ, ಒಂದು ಜಾಗ ಬಿಟ್ಟು ‘ಸೈಟ್’, ಅದಕ್ಕೆ ಅಂಟಿಕೊಂಡೇ ಕೋಲನ್, ಕೋಲನ್‌ಗೆ ಅಂಟಿಕೊಂಡೇ ವಿಳಾಸ. ಹೆಚ್ಚಿನವರು ತಪ್ಪುವುದು ಕೋಲನ್ ನಂತರ ಜಾಗ ಬಿಟ್ಟು. ಜಾಗ ಬಿಟ್ಟರೆ ತಾಣದ ಮಿತಿ ಬೀಳುವುದಿಲ್ಲ, ಇಡೀ ಅಂತರ್ಜಾಲದ ಫಲಿತಾಂಶ ಬಂದು ಬೀಳುತ್ತದೆ. ಫೋನಿನಲ್ಲಿ ಕೀಬೋರ್ಡ್ ಸೂಚಿಸಿದ ಪದವನ್ನು ಒತ್ತಿದರೆ ಜಾಗ ತಾನಾಗಿಯೇ ಸೇರಿಕೊಳ್ಳುತ್ತದೆ. ಆದ್ದರಿಂದ ವಿಳಾಸವನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿ, ಇಲ್ಲವೇ ಬ್ರೌಸರ್‌ನ ವಿಳಾಸ ಪಟ್ಟಿಯಿಂದ ಕಾಪಿ ಮಾಡಿ ಅಂಟಿಸಿ. ಕಾಪಿ ಮಾಡಿದ್ದರೆ ಮುಂದಿನ ‘ಎಚ್‌ಟಿಟಿಪಿಎಸ್’, ಕೋಲನ್, ಎರಡು ಓರೆಗೆರೆ ಇಷ್ಟನ್ನೂ ಅಳಿಸಿ. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಕೂಡ ಬೇಡ. ಅದನ್ನು ಇಟ್ಟರೆ ಅದೇ ಸಂಸ್ಥೆಯ ಉಪತಾಣಗಳು ಹುಡುಕಾಟದಿಂದ ಹೊರಗುಳಿಯುತ್ತವೆ.

ವಿಳಾಸ ಎಷ್ಟು ಉದ್ದವಿದೆಯೋ ಹುಡುಕಾಟ ಅಷ್ಟು ಕಿರಿದಾಗುತ್ತದೆ. ‘ಸೈಟ್:ವಿಕಿಪೀಡಿಯ.ಆರ್ಗ್’ ಎಂದರೆ ಎಲ್ಲ ಭಾಷೆಯ ವಿಕಿಪೀಡಿಯಗಳೂ ಬರುತ್ತವೆ. ವಿಳಾಸದ ಮೊದಲಿಗೆ ಕೆ ಮತ್ತು ಎನ್ ಎಂಬ ಎರಡಕ್ಷರವನ್ನೂ ಚುಕ್ಕೆಯನ್ನೂ ಸೇರಿಸಿದರೆ ಕನ್ನಡದ್ದು ಮಾತ್ರ. ‘ಸೈಟ್:ಕರ್ನಾಟಕ.ಗವ್.ಇನ್’ ಎಂದರೆ ಆ ವಿಳಾಸದಡಿ ಇರುವ ಇಲಾಖೆಗಳ ಉಪತಾಣಗಳೆಲ್ಲ ಬರುತ್ತವೆ, ಆದರೆ ಜಿಲ್ಲಾಡಳಿತದ ಕೊಡಗು.ನಿಕ್.ಇನ್ ಬರುವುದಿಲ್ಲ. ಅದರ ಕೊನೆ ಬೇರೆ, ಹಾಗಾಗಿ ಎಂಜಿನ್ ಲೆಕ್ಕದಲ್ಲಿ ಅದು ಬೇರೆಯೇ ಮನೆ. ಎರಡರಲ್ಲೂ ಹುಡುಕಬೇಕಿದ್ದರೆ ಹೀಗೆ:

ಭೂಕುಸಿತ (ಸೈಟ್:ಕೊಡಗು.ನಿಕ್.ಇನ್ ಆರ್ ಸೈಟ್:ಕರ್ನಾಟಕ.ಗವ್.ಇನ್)

ಇಲ್ಲಿನ ‘ಆರ್’ ಎಂದರೆ ‘ಅಥವಾ’. ಅದರ ಓ ಮತ್ತು ಆರ್ ಎರಡೂ ದೊಡ್ಡ ಅಕ್ಷರದಲ್ಲಿರಬೇಕು, ಸಣ್ಣಕ್ಷರವಾದರೆ ಸಾಮಾನ್ಯ ಪದವಾಗಿಬಿಡುತ್ತದೆ.

ಯಾವ ಪದ ಹಾಕಬೇಕು

ಎಂಜಿನ್ ಹುಡುಕುವುದು ಬಹುತೇಕ ನೀವು ಕೊಟ್ಟ ಪದವನ್ನೇ. ಆದ್ದರಿಂದ ಆ ಪುಟ ಬರೆದವರು ಯಾವ ಪದ ಬಳಸಿದ್ದಾರು ಎಂದು ಊಹಿಸಬೇಕು. ಕೊಡಗಿನ ವಿಷಯದಲ್ಲಿ ಈ ಊಹೆಗೆ ಚರಿತ್ರೆ ಬೇಕಾಗುತ್ತದೆ. 1834ರಲ್ಲಿ ಬ್ರಿಟಿಷರ ಕೈಗೆ ಹೋದ ಮೇಲೆ ಈ ನಾಡು ಇಂಗ್ಲಿಷ್ ದಾಖಲೆಗಳಲ್ಲಿ ‘ಕೂರ್ಗ್’. 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಂದಿಗೆ ಸೇರುವವರೆಗೂ ರಾಜ್ಯದ ಹೆಸರೇ ಕೂರ್ಗ್. ಮಡಿಕೇರಿ ಆ ದಾಖಲೆಗಳಲ್ಲಿ ‘ಮರ್ಕೆರಾ’. ಹಳೆಯ ವಿಷಯ ಹುಡುಕುವವರು ‘ಕೊಡಗು’ ಎಂದು ಮಾತ್ರ ಹಾಕಿದರೆ ಬಹಳಷ್ಟು ಕಳೆದುಕೊಳ್ಳುತ್ತಾರೆ. ಊರ ಹೆಸರುಗಳ ಕನ್ನಡ ಬರಹವೂ ಒಂದೇ ಅಲ್ಲ: ವಿರಾಜಪೇಟೆ, ವೀರಾಜಪೇಟೆ ಎರಡೂ ಚಾಲ್ತಿಯಲ್ಲಿವೆ. ಸುಗ್ಗಿ ಹಬ್ಬಕ್ಕೆ ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಪುತ್ತರಿ, ಕನ್ನಡದಲ್ಲಿ ಹುತ್ತರಿ. ಇಂಗ್ಲಿಷಿನಲ್ಲಿ ಬರೆಯುವವರು ತಮತಮಗೆ ತೋಚಿದ ಕಾಗುಣಿತ ಬಳಸುತ್ತಾರೆ. ಎಲ್ಲವನ್ನೂ ‘ಆರ್’ ಹಾಕಿ ಕೂಡಿಸಿ, ಆವರಣದೊಳಗೆ ಇಟ್ಟು, ಮುಂದೆ ‘ಸೈಟ್’ ಹಾಕಿ.

ಕಾಫಿ ತೋಟದವರಿಗೆ ತುಂಬ ಬೇಕಾಗುವ ಒಂದು ಉದಾಹರಣೆ ಕೊಳೆರೋಗ. ಮಳೆಗಾಲದಲ್ಲಿ ಕಾಫಿ ಎಲೆ ಕಪ್ಪಾಗಿ ಕೊಳೆತು, ಶಿಲೀಂಧ್ರದ ಎಳೆಯಲ್ಲಿ ನೇತಾಡುವ ರೋಗ ಇದು. ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ಹೆಸರು ‘ಬ್ಲ್ಯಾಕ್ ರಾಟ್’. ಆದರೆ ಕೊಳೆರೋಗ ಎಂಬ ನಮ್ಮ ಪದವೇ ಶಿಲೀಂಧ್ರದ ವೈಜ್ಞಾನಿಕ ಹೆಸರಿಗೂ ಸೇರಿತ್ತು: ‘ಕೊಲೆರೋಗ ನಾಕ್ಸಿಯಾ’, ‘ಪೆಲ್ಲಿಕ್ಯುಲೇರಿಯಾ ಕೊಲೆರೋಗ’. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕೊಲೆರೋಗ ಎಂದು ಬರೆದರೂ ಸಂಶೋಧನಾ ಬರಹಗಳು ಸಿಗುತ್ತವೆ. ತೊಡಕು ಬರುವುದು ಅಡಿಕೆಯ ಕೊಳೆರೋಗದಿಂದ. ಅದು ಬೇರೆ ಜೀವಿಯಿಂದ ಬರುವ ಬೇರೆ ರೋಗ, ಹೆಸರು ಮಾತ್ರ ಒಂದೇ. ಅಡಿಕೆಯನ್ನು ಹೊರಗಿಡಲು ಮೈನಸ್ ಚಿಹ್ನೆ ಬಳಸಿ:

(ಕೊಲೆರೋಗ ಆರ್ "ಬ್ಲ್ಯಾಕ್ ರಾಟ್") ಕಾಫಿ -ಅರೆಕನಟ್ ಸೈಟ್:ಗವ್.ಇನ್

ಮೈನಸ್‌ಗೆ ಮೊದಲು ಜಾಗ ಇರಬೇಕು, ಅದರ ನಂತರ ಇರಬಾರದು. ಆದರೆ ಈ ಮೈನಸ್ಸಿಗೂ ಒಂದು ಬೆಲೆ ಇದೆ: ಕಾಫಿ, ಅಡಿಕೆ ಎರಡನ್ನೂ ಹೇಳುವ ಒಳ್ಳೆಯ ಕೈಪಿಡಿಯೂ ಅದರೊಂದಿಗೆ ಹೊರಗೆ ಹೋಗುತ್ತದೆ. ಆದ್ದರಿಂದ ಮೊದಲು ಮೈನಸ್ ಇಲ್ಲದೆ ನೋಡಿ, ಅಡಿಕೆಯದೇ ತುಂಬಿಕೊಂಡಿದ್ದರೆ ಮಾತ್ರ ಹಾಕಿ. ಇಲ್ಲಿ ಒಂದೇ ತಾಣದ ಬದಲು ‘ಗವ್.ಇನ್’ ಎಂದು ಅಗಲವಾಗಿ ಕೊಟ್ಟಿರುವುದಕ್ಕೂ ಕಾರಣವಿದೆ. ಸಂಸ್ಥೆಗಳು ವಿಳಾಸ ಬದಲಿಸುತ್ತವೆ. ಕಾಫಿ ಮಂಡಳಿಯದು ಹಿಂದೆ ಇಂಡಿಯಾಕಾಫಿ.ಆರ್ಗ್ ಆಗಿತ್ತು. ಹಳೆಯ ಪುಸ್ತಕದಲ್ಲಿ ಅಚ್ಚಾದ ವಿಳಾಸವನ್ನೇ ‘ಸೈಟ್’ಗೆ ಕೊಟ್ಟರೆ ಹೊಸದೇನೂ ಸಿಗದು.

ಉದ್ಧರಣ ಚಿಹ್ನೆಯ ವಿಷಯದಲ್ಲಿ ಕನ್ನಡಕ್ಕೆ ವಿಶೇಷ ಎಚ್ಚರ ಬೇಕು. ಚಿಹ್ನೆಯೊಳಗೆ ಇಟ್ಟದ್ದನ್ನು ಎಂಜಿನ್ ಇದ್ದ ಹಾಗೆಯೇ ಹುಡುಕುತ್ತದೆ. ನಮ್ಮ ಪದಗಳಿಗೆ ವಿಭಕ್ತಿ ಅಂಟಿಕೊಳ್ಳುತ್ತದೆ: ಮಡಿಕೇರಿ, ಮಡಿಕೇರಿಯಲ್ಲಿ, ಮಡಿಕೇರಿಗೆ. "ಮಡಿಕೇರಿ ತಾಲ್ಲೂಕು" ಎಂದು ಬಿಗಿದರೆ ‘ಮಡಿಕೇರಿ ತಾಲ್ಲೂಕಿನ’ ಎಂದಿರುವ ಪುಟ ತಪ್ಪಿಹೋಗಬಹುದು, ‘ತಾಲೂಕು’ ಎಂದು ಒಂದೇ ಲಕಾರದಲ್ಲಿ ಬರೆದದ್ದೂ ತಪ್ಪಬಹುದು. ಕಣ್ಣಿಗೆ ಕಾಣದ ಇನ್ನೊಂದು ತೊಂದರೆಯೂ ಇದೆ. ‘ರಿಪೋರ್ಟ್‌ಗಳು’ ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಟ್ ಮತ್ತು ಗ ನಡುವೆ ಒಂದು ಅದೃಶ್ಯ ಅಕ್ಷರ ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ ಬರೆದಿದ್ದಾರೆ, ಇನ್ನೊಬ್ಬರು ಹಾಕದೆ ಬರೆದಿದ್ದಾರೆ ಎಂದರೆ ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ಆದ್ದರಿಂದ ಕನ್ನಡದಲ್ಲಿ ಉದ್ಧರಣ ಚಿಹ್ನೆಯನ್ನು ಪ್ರತ್ಯಯವಿಲ್ಲದ ಹೆಸರುಗಳಿಗೆ ಮಾತ್ರ ಬಳಸುವುದು ಒಳ್ಳೆಯದು.

ನುಡಿ, ಬರಹದ ಹಳೆಯ ಪಿಡಿಎಫ್‌ಗಳು

ಕನ್ನಡ ದಾಖಲೆ ಕಣ್ಣೆದುರೇ ಇದ್ದರೂ ಹುಡುಕಾಟಕ್ಕೆ ಸಿಗದಿರುವುದಕ್ಕೆ ದೊಡ್ಡ ಕಾರಣ ಇದು. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು, ಕಚೇರಿಗಳಲ್ಲಿ ಆಮೇಲೂ ಎಷ್ಟೋ ವರ್ಷ, ನುಡಿ ಮತ್ತು ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಾಗದ ತಯಾರಾಗುತ್ತಿತ್ತು. ಅವುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಕನ್ನಡದ ಆಕಾರ ಕೊಡುವುದು ಫಾಂಟು. ಎಂಜಿನ್ ಓದುವುದು ಒಳಗಿನ ಸಂಕೇತವನ್ನು, ಆದ್ದರಿಂದ ನೀವು ಯೂನಿಕೋಡ್‌ನಲ್ಲಿ ‘ಕೊಡಗು’ ಎಂದು ಬರೆದರೆ ಅದಕ್ಕೆ ಹೊಂದಿಕೆಯಾಗುವುದಿಲ್ಲ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಅದು ಹಳೆಯ ಫಾಂಟು. ಏನೂ ಕಾಪಿ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ.

ಇಂಥ ಕಡತ ಹುಡುಕಲು ಅಂಕಿಯೇ ದಾರಿ. ನುಡಿ ಕಡತದಲ್ಲೂ ಅಂಕಿಗಳು ಸಾಮಾನ್ಯವಾಗಿ ಅಂಕಿಯಾಗಿಯೇ ಉಳಿದಿರುತ್ತವೆ. ಸರ್ಕಾರಿ ಕಾಗದದಲ್ಲಿ ಆರ್ಥಿಕ ವರ್ಷ ಇದ್ದೇ ಇರುತ್ತದೆ:

"2018-19" ಫೈಲ್‌ಟೈಪ್:ಪಿಡಿಎಫ್ ಸೈಟ್:ಕೊಡಗು.ನಿಕ್.ಇನ್

‘ಫೈಲ್‌ಟೈಪ್’ ಕೂಡ ಇಂಗ್ಲಿಷಿನಲ್ಲಿ, ಒಂದೇ ಪದವಾಗಿ, ಕೋಲನ್ ನಂತರ ಜಾಗವಿಲ್ಲದೆ. ಎಕ್ಸೆಲ್ ಪಟ್ಟಿ ಬೇಕಿದ್ದರೆ ಪಿಡಿಎಫ್ ಬದಲು ‘ಎಕ್ಸ್‌ಎಲ್‌ಎಸ್‌ಎಕ್ಸ್’. ಕಡತದ ಒಳಗೆ ಕನ್ನಡವಿದ್ದರೂ ಅದಕ್ಕೆ ಕೊಂಡಿ ಕೊಟ್ಟ ಪುಟದಲ್ಲಿ ಇಂಗ್ಲಿಷ್ ಶೀರ್ಷಿಕೆ ಇರುವುದು ಸಾಮಾನ್ಯ, ಹಾಗಾಗಿ ಇಂಗ್ಲಿಷ್ ಪದದಲ್ಲೂ ಒಮ್ಮೆ ಪ್ರಯತ್ನಿಸಿ.

ದಿನಾಂಕ

ಗೂಗಲ್‌ನಲ್ಲಿ ‘ಆಫ್ಟರ್’ ಮತ್ತು ‘ಬಿಫೋರ್’ ಎಂಬ ಆದೇಶಗಳಿವೆ. 2018ರ ಆಗಸ್ಟ್‌ನ ಭೂಕುಸಿತದ ಬಗ್ಗೆ ಆಗಲೇ ಬರೆದದ್ದು ಬೇಕಾದರೆ ‘ಆಫ್ಟರ್:2018-08-01 ಬಿಫೋರ್:2018-12-31’ ಎಂದು ಸೇರಿಸಿ. ಕ್ರಮ ವರ್ಷ, ತಿಂಗಳು, ದಿನ. ಇದನ್ನು ಪೂರ್ತಿ ನಂಬಬೇಡಿ. ಪುಟದ ದಿನಾಂಕ ಎಂಜಿನ್‌ನ ಅಂದಾಜು, ತಾಣವನ್ನು ಹೊಸದಾಗಿ ಕಟ್ಟಿದ್ದರೆ ಹಳೆಯ ಪುಟಕ್ಕೂ ಹೊಸ ದಿನಾಂಕ ಬಿದ್ದಿರುತ್ತದೆ. ಹಳೆಯ ಪುಟ ಹೊಸದರಂತೆ ಕಾಣುವ ಅಪಾಯವೂ ಇದೆ: ಕೊಡಗಿನಲ್ಲಿ ಮೂರು ತಾಲ್ಲೂಕು ಎಂದು ಬರೆದ ಪುಟ ಇಂದಿಗೂ ಮೇಲೆ ಬರಬಹುದು, ಆದರೆ ಕುಶಾಲನಗರ ಮತ್ತು ಪೊನ್ನಂಪೇಟೆ ಸೇರಿ ಈಗ ಇರುವುದು ಐದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪುಟ ತೆರೆದು, ಒಳಗಿನ ದಿನಾಂಕ ನೋಡಿಯೇ ಅಂಕಿ ಬರೆದುಕೊಳ್ಳಬೇಕು. ಫಲಿತಾಂಶದ ಜೊತೆ ಕೆಲವೊಮ್ಮೆ ಕಾಣುವ ‘ಸುಮಾರು ಇಷ್ಟು’ ಎಂಬ ಸಂಖ್ಯೆಯೂ ಅಂದಾಜೇ. ಪ್ರಬಂಧದಲ್ಲಿ ಅದನ್ನು ಪುರಾವೆಯಾಗಿ ಬಳಸಬಾರದು.

ಸಿಗದಿದ್ದರೆ

ಮೊದಲು ಬರೀ ‘ಸೈಟ್:ವಿಳಾಸ’ ಹಾಕಿ, ಪದ ಬೇಡ. ಏನೂ ಬರದಿದ್ದರೆ ವಿಳಾಸ ತಪ್ಪಾಗಿದೆ ಅಥವಾ ತಾಣ ಎಂಜಿನ್‌ಗೆ ಬಾಗಿಲು ಹಾಕಿದೆ. ಪುಟಗಳು ಬಂದರೆ ತೊಂದರೆ ಪದದಲ್ಲಿದೆ. ಪದ ಕಡಿಮೆ ಮಾಡಿ, ಬದಲಿಸಿ. ಫಲಿತಾಂಶದ ಕೊನೆಯಲ್ಲಿ, ಒಂದೇ ರೀತಿಯ ಪುಟಗಳನ್ನು ಬಿಟ್ಟಿದ್ದೇವೆ ಎಂಬ ಸಾಲು ಕಂಡರೆ ಅದರ ಕೊಂಡಿ ಒತ್ತಿ. ಬಿಂಗ್‌ನಲ್ಲೂ ಒಮ್ಮೆ ನೋಡಿ, ಅದರ ಇಂಡೆಕ್ಸ್ ಬೇರೆ. ನಿನ್ನೆ ಏರಿಸಿದ ಸುತ್ತೋಲೆಯಾದರೆ ಎಂಜಿನ್ ಇನ್ನೂ ಆ ಕಡೆ ಹೋಗಿಲ್ಲದಿರಬಹುದು, ತಾಣದ ಪ್ರಕಟಣೆ ಪುಟವನ್ನೇ ತೆರೆದು ನೋಡಬೇಕು.

ಕೆಲವು ವಿಷಯ ಈ ದಾರಿಯಲ್ಲಿ ಎಂದೂ ಸಿಗುವುದಿಲ್ಲ. ಪಹಣಿಯನ್ನೇ ತೆಗೆದುಕೊಳ್ಳಿ. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಕೊಟ್ಟ ಮೇಲಷ್ಟೇ ಆ ಪುಟ ಹುಟ್ಟುತ್ತದೆ, ಮೊದಲೇ ಇರುವುದಿಲ್ಲ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗದ ಸರ್ವೆ ನಂಬರನ್ನು ಗೂಗಲ್‌ಗೆ ಹಾಕಿ ಕಾಯುವುದರಿಂದ ಪ್ರಯೋಜನವಿಲ್ಲ. ಲಾಗಿನ್ ಕೇಳುವ ಪುಟಗಳೂ ಹೀಗೆಯೇ. ಬ್ರಿಟಿಷರ ಕಾಲದ ಗೆಜೆಟಿಯರ್‌ಗಳಿಗೆ ಆರ್ಕೈವ್.ಆರ್ಗ್ ತಾಣದ ಸ್ವಂತ ಹುಡುಕಾಟವೇ ಮೇಲು. ಅಲ್ಲಿ ಪುಸ್ತಕದ ಪಠ್ಯದೊಳಗೆ ಹುಡುಕುವ ಆಯ್ಕೆ ಇದೆ, ಅದನ್ನು ಆರಿಸಿ ‘ಕೂರ್ಗ್’ ಎಂದು ಇಂಗ್ಲಿಷಿನಲ್ಲಿ ಕೊಡಿ.

ಫಲಿತಾಂಶ ಇದೆ, ಒತ್ತಿದರೆ ಪುಟ ಇಲ್ಲ ಎಂದಾದರೆ ಆ ಪುಟದ ಪೂರ್ತಿ ವಿಳಾಸ ಕಾಪಿ ಮಾಡಿ ವೆಬ್.ಆರ್ಕೈವ್.ಆರ್ಗ್‌ನ ಪೆಟ್ಟಿಗೆಗೆ ಅಂಟಿಸಿ. ಯಾರಾದರೂ ಉಳಿಸಿದ್ದರೆ ದಿನಾಂಕವಾರು ಪ್ರತಿ ತೆರೆದುಕೊಳ್ಳುತ್ತದೆ. ಗೂಗಲ್ ತನ್ನ ಹಳೆಯ ‘ಕ್ಯಾಶ್’ ಪ್ರತಿಯ ಕೊಂಡಿಯನ್ನು 2024ರಲ್ಲಿ ತೆಗೆದುಹಾಕಿದ್ದರಿಂದ ಹಳೆಯ ಟಿಪ್ಪಣಿಗಳಲ್ಲಿರುವ ಆ ಉಪಾಯ ಈಗ ಕೆಲಸಕ್ಕೆ ಬಾರದು.

ದಿನವೂ ಒಂದೇ ತಾಣದಲ್ಲಿ ಹುಡುಕುವವರು ಕಂಪ್ಯೂಟರಿನ ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸರ್ಚ್ ಎಂಜಿನ್, ಅಲ್ಲಿಂದ ‘ಸೈಟ್ ಸರ್ಚ್’ ಭಾಗಕ್ಕೆ ಹೋಗಿ ‘ಆ್ಯಡ್’ ಒತ್ತಿ. ಹೆಸರು ಏನಾದರೂ ಕೊಡಿ, ಶಾರ್ಟ್‌ಕಟ್ ಜಾಗದಲ್ಲಿ ‘ಕೆಡಿ’ಯಂಥ ಎರಡು ಇಂಗ್ಲಿಷ್ ಅಕ್ಷರ. ವಿಳಾಸದ ಜಾಗಕ್ಕೆ, ಗೂಗಲ್‌ನಲ್ಲಿ ‘ಭೂಕುಸಿತ ಸೈಟ್:ಕೊಡಗು.ನಿಕ್.ಇನ್’ ಎಂದು ಒಮ್ಮೆ ಹುಡುಕಿದಾಗ ಮೇಲೆ ಕಾಣುವ ವಿಳಾಸವನ್ನು ಅಂಟಿಸಿ, ಅದರಲ್ಲಿ ‘ಭೂಕುಸಿತ’ ಇರುವ ಜಾಗದಲ್ಲಿ ಶೇಕಡಾ ಚಿಹ್ನೆ ಮತ್ತು ಸಣ್ಣಕ್ಷರದ ಎಸ್ ಹಾಕಿ. ಕನ್ನಡ ಪದ ಅಲ್ಲಿ ಶೇಕಡಾ ಚಿಹ್ನೆಗಳ ಉದ್ದ ಸಾಲಾಗಿ ಕಾಣಬಹುದು, ಆ ಸಾಲನ್ನು ಪೂರ್ತಿ ಅಳಿಸಬೇಕು. ಸೇವ್ ಮಾಡಿದ ಮೇಲೆ ವಿಳಾಸ ಪಟ್ಟಿಯಲ್ಲಿ ‘ಕೆಡಿ’ ಟೈಪ್ ಮಾಡಿ ಟ್ಯಾಬ್ ಒತ್ತಿ, ನಂತರ ಪದ ಕೊಟ್ಟರೆ ಸಾಕು.